ಏಳು ವಾರ, 535 ಅಂಕ: ಜಿಮ್ಯಾಟ್ ಮರುಯತ್ನವನ್ನು ಎಲ್ಲಿಂದ ಆರಂಭಿಸಬೇಕು?

ಏಳುವಾರ:

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಮೊದಲ ಬಾರಿಗೆ ಜಿಮ್ಯಾಟ್, ಅಂದರೆ ಮ್ಯಾನೇಜ್‌ಮೆಂಟ್ ಕೋರ್ಸುಗಳ ಪ್ರವೇಶ ಪರೀಕ್ಷೆ, ಬರೆದೆ. ಪರದೆಯ ಮೇಲೆ 535 ಎಂದು ಕಂಡಾಗ ಸ್ವಲ್ಪ ಹೊತ್ತು ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ಕ್ವಾಂಟ್‌ನಲ್ಲಿ (ಗಣಿತ) 77, ವರ್ಬಲ್‌ನಲ್ಲಿ (ಭಾಷೆ ಮತ್ತು ತರ್ಕ) 79, ಡೇಟಾ ಇನ್‌ಸೈಟ್ಸ್‌ನಲ್ಲಿ (ಕೋಷ್ಟಕ, ಮಾಹಿತಿಯ ವಿಶ್ಲೇಷಣೆ) 73 ಬಂದಿದೆ. 645ರ ಆಸುಪಾಸಿನಲ್ಲಿದ್ದರೆ ನನ್ನ ಪಟ್ಟಿಯಲ್ಲಿರುವ ಕೋರ್ಸುಗಳಿಗೆ ಅಳುಕಿಲ್ಲದೆ ಅರ್ಜಿ ಹಾಕಬಹುದು ಎಂಬುದು ನನ್ನ ಅಂದಾಜು. ಅರ್ಜಿಯ ಕೊನೆಯ ದಿನಕ್ಕೆ ಇಂದಿನಿಂದ ಸರಿಯಾಗಿ 49 ದಿನಗಳಿವೆ. ಪೂರ್ಣಾವಧಿ ಕೆಲಸದಲ್ಲಿರುವುದರಿಂದ ವಾರದ ದಿನಗಳಲ್ಲಿ ಎರಡು ಗಂಟೆ, ರಜಾದಿನಗಳಲ್ಲಿ ಐದು ಗಂಟೆ ಮಾತ್ರ ಓದಿಗೆ ಸಿಗುತ್ತದೆ.

ಮೊದಲ ಸಲ ಮೂರು ತಿಂಗಳು ತಯಾರಿ ನಡೆಸಿದ್ದೆ. ಸುಮಾರು ಎರಡು ಸಾವಿರ ಪ್ರಶ್ನೆಗಳನ್ನು ಬಿಡಿಸಿದ್ದೆ. ಈಗಿನ ಯೋಜನೆ ಇಷ್ಟು: ಪುಸ್ತಕಗಳನ್ನೆಲ್ಲ ಮೊದಲಿನಿಂದ ಮತ್ತೊಮ್ಮೆ ಓದುವುದು, ಕೊನೆಯ ಹತ್ತು ದಿನ ದಿನ ಬಿಟ್ಟು ದಿನ ಅಣಕು ಪರೀಕ್ಷೆ ಬರೆಯುವುದು, 35ನೇ ದಿನ ನಿಜವಾದ ಪರೀಕ್ಷೆಗೆ ಕೂರುವುದು. ಇದರಲ್ಲಿ ಏನಾದರೂ ದೋಷವಿದ್ದರೆ ದಯವಿಟ್ಟು ತಿಳಿಸಿ.

ಗಡಿಯಾರ:

ಓದಿನ ಮಾತು ಆಮೇಲೆ ಆಡೋಣ, ಮೊದಲು ಕ್ಯಾಲೆಂಡರ್ ನೋಡಿ. ಒಮ್ಮೆ ಜಿಮ್ಯಾಟ್ ಬರೆದ ಮೇಲೆ ಮತ್ತೆ ಬರೆಯಲು 16 ದಿನ ಕಾಯಬೇಕು. 12 ತಿಂಗಳ ಅವಧಿಯಲ್ಲಿ ಹೆಚ್ಚೆಂದರೆ ಐದು ಸಲ ಬರೆಯಬಹುದು. ನೀವು 35ನೇ ದಿನ ಕುಳಿತರೆ ಮುಂದಿನ ಅವಕಾಶ 51ನೇ ದಿನಕ್ಕೆ ಬರುತ್ತದೆ, ಅಷ್ಟರಲ್ಲಿ ನಿಮ್ಮ ಗಡುವು ದಾಟಿರುತ್ತದೆ. ಅಂದರೆ ಇಡೀ ಏಳು ವಾರವನ್ನು ಒಂದೇ ಒಂದು ಬೆಳಗಿನ ಮೇಲೆ ಪಣಕ್ಕಿಟ್ಟ ಹಾಗಾಯಿತು. ಅದೇ 28ನೇ ದಿನ ಬರೆದರೆ ಎರಡನೆಯ ಯತ್ನ 44ನೇ ದಿನಕ್ಕೆ ಸಿಗುತ್ತದೆ, ಅಧಿಕೃತ ಅಂಕಪಟ್ಟಿ ಬರಲು ಇನ್ನೂ ಕೆಲವು ದಿನ ಉಳಿಯುತ್ತವೆ. ಒಂದು ವಾರದ ಓದು ಕಡಿಮೆಯಾಗುತ್ತದೆ ನಿಜ, ಆದರೆ ಕೈಗೆ ಇನ್ನೊಂದು ಅವಕಾಶ ಬರುತ್ತದೆ. ಒಂದೇ ತಯಾರಿಯಲ್ಲಿ ಎರಡು ಸಲ ಬರೆದರೂ ಅಂಕ ಹತ್ತಿಪ್ಪತ್ತು ಆಚೀಚೆ ಆಗುವ ಪರೀಕ್ಷೆ ಇದು. ಅಲ್ಲಿ ಎರಡನೆಯ ಅವಕಾಶಕ್ಕೆ ಒಂದು ವಾರದ ಓದಿಗಿಂತ ಬೆಲೆ ಹೆಚ್ಚು.

ಕಡಿಮೆ ಅಂಕ ದಾಖಲೆಯಲ್ಲಿ ಉಳಿದೀತು ಎಂಬ ಭಯ ಬೇಡ. ಈಗಿನ ಪದ್ಧತಿಯಲ್ಲಿ ಅಂಕ ನೋಡಿದ ಮೇಲೆಯೇ ಯಾವ ಸಂಸ್ಥೆಗೆ ಕಳುಹಿಸಬೇಕೆಂದು ನೀವು ತೀರ್ಮಾನಿಸುತ್ತೀರಿ. ನೀವು ಕಳುಹಿಸಿದ ಅಂಕವಷ್ಟೇ ಅವರಿಗೆ ಕಾಣುತ್ತದೆ.

ಹಳೆಪ್ರತಿ:

ಗಡಿಯಾರ ಅವರ ಲೆಕ್ಕ ಒಪ್ಪುತ್ತೇನೆ. ನನ್ನ ತಕರಾರು ‘ಮೊದಲಿನಿಂದ ಮತ್ತೊಮ್ಮೆ ಓದುವುದು’ ಎಂಬ ಮಾತಿನ ಬಗ್ಗೆ. ಮೂರು ತಿಂಗಳು ಓದಿದ್ದರಿಂದ 535 ಬಂದಿದೆ. ಅದೇ ಓದನ್ನು ನಾಲ್ಕು ವಾರದಲ್ಲಿ ಅವಸರವಾಗಿ ಪುನರಾವರ್ತಿಸಿದರೆ 645 ಬರುತ್ತದೆ ಎಂದು ನಂಬಲು ಕಾರಣವೇನು? ತೂತು ಎಲ್ಲಿದೆ ಎಂದು ನೋಡದೆ ಕೊಡಕ್ಕೆ ನೀರು ಹೊಯ್ಯುವ ಕೆಲಸ ಇದು.

ಮೊದಲು ಎಷ್ಟು ಏರಬೇಕು ಎಂಬುದನ್ನು ಸರಿಯಾಗಿ ಅಳೆಯಿರಿ. ಒಟ್ಟು ಅಂಕ 205ರಿಂದ 805ರವರೆಗೆ, ಅಂದರೆ 600 ಅಂಕಗಳ ಹರವು. ಮೂರು ವಿಭಾಗಗಳಿಗೂ ಸಮಾನ ತೂಕ, ಪ್ರತಿಯೊಂದಕ್ಕೂ 60ರಿಂದ 90, ಒಟ್ಟು 90 ಮೆಟ್ಟಿಲು. ಹಾಗಾಗಿ ವಿಭಾಗದ ಒಂದು ಅಂಕ ಒಟ್ಟು ಅಂಕದಲ್ಲಿ ಆರೂವರೆಗಿಂತ ತುಸು ಹೆಚ್ಚು ತೂಗುತ್ತದೆ. ನಿಮ್ಮ ಮೂರು ವಿಭಾಗಗಳ ಮೊತ್ತ 229. 645ಕ್ಕೆ ಸುಮಾರು 246 ಬೇಕು, ಅಂದರೆ ಮೂರರಲ್ಲೂ 82. ‘110 ಅಂಕ’ ಎಂದಾಗ ಬೆಟ್ಟದಂತೆ ಕಾಣುವುದು ‘17 ಮೆಟ್ಟಿಲು’ ಎಂದಾಗ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿ ಒಂಬತ್ತು ಮೆಟ್ಟಿಲು ಡೇಟಾ ಇನ್‌ಸೈಟ್ಸ್ ಒಂದರಲ್ಲೇ ಇವೆ. ನೀವು ಎಷ್ಟು ಗಂಟೆಗಳನ್ನು ಅದಕ್ಕೆ ಕೊಟ್ಟಿದ್ದಿರಿ?

ಇನ್ನೊಂದು ಪ್ರಶ್ನೆ: ನೀವು ಓದಿದ ಪುಸ್ತಕಗಳು ಯಾವ ವರ್ಷದವು? 2023ರ ನವೆಂಬರ್‌ನಲ್ಲಿ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಪ್ರಬಂಧ ಹೋಯಿತು, ವರ್ಬಲ್‌ನಿಂದ ವಾಕ್ಯ ತಿದ್ದುವ ಪ್ರಶ್ನೆಗಳು ಹೋದವು, ಕ್ವಾಂಟ್‌ನಿಂದ ತ್ರಿಕೋನ ವೃತ್ತಗಳ ರೇಖಾಗಣಿತ ಹೋಯಿತು, ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ ಡೇಟಾ ಸಫಿಷಿಯೆನ್ಸಿ ಕ್ವಾಂಟ್ ಬಿಟ್ಟು ಡೇಟಾ ಇನ್‌ಸೈಟ್ಸ್‌ಗೆ ಬಂತು. ಯಾರೋ ಕೊಟ್ಟ ಹಳೆಯ ಪುಸ್ತಕವನ್ನು ಶ್ರದ್ಧೆಯಿಂದ ಮುಗಿಸಿ ಪರೀಕ್ಷೆಯಲ್ಲಿ ಇಲ್ಲದ ವಿಷಯದಲ್ಲಿ ಪಾಂಡಿತ್ಯ ಗಳಿಸಿದವರಲ್ಲಿ ನಾನೂ ಒಬ್ಬ. ನನ್ನ ಈ ಹೆಸರಿನ ಹಿಂದಿನ ಕಥೆಯೂ ಅದೇ.

ಶಂಕೆ:

ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ, ಆದರೂ ಹೇಳಲೇಬೇಕು. ಈಗಿನ 645 ಪರ್ಸೆಂಟೈಲ್ ಲೆಕ್ಕದಲ್ಲಿ (ಶೇಕಡಾ ಎಷ್ಟು ಜನರಿಗಿಂತ ಮುಂದೆ ಎಂಬ ಲೆಕ್ಕದಲ್ಲಿ) ಹಳೆಯ ಮಾದರಿಯ 700ಕ್ಕೆ ಸರಿಸಮ. ಪೂರ್ಣಾವಧಿ ಕೆಲಸ ಮಾಡಿಕೊಂಡು ನಾಲ್ಕು ವಾರದಲ್ಲಿ ಅಲ್ಲಿಗೆ ಏರುವವರು ಇದ್ದಾರೆ. ಆದರೆ ಏರಿದವರು ಮಾತ್ರ ತಮ್ಮ ಕಥೆ ಬರೆಯುತ್ತಾರೆ, ಏರದವರು ಸುಮ್ಮನಿರುತ್ತಾರೆ ಎಂಬುದು ನೆನಪಿರಲಿ. ಮುಂದಿನ ಸುತ್ತಿನಲ್ಲಿ ಅರ್ಜಿ ಹಾಕುವ ಆಯ್ಕೆಯನ್ನು ಈಗಲೇ ತಳ್ಳಿಹಾಕಬೇಡಿ. 20ನೇ ದಿನ ಒಂದು ಅಧಿಕೃತ ಅಣಕು ಪರೀಕ್ಷೆ ಬರೆದು, ಅದರಲ್ಲಿ 590 ದಾಟದಿದ್ದರೆ ಈ ಸುತ್ತನ್ನು ಬಿಡುವುದೆಂದು ಇಂದೇ ಬರೆದಿಟ್ಟುಕೊಳ್ಳಿ. ಆ ದಿನ ಬಂದಾಗ ತೀರ್ಮಾನಿಸಲು ಹೋದರೆ ಮನಸ್ಸು ಏನಾದರೂ ನೆಪ ಹುಡುಕುತ್ತದೆ.

ಜಿಆರ್‌ಇ ಬರೆಯುವ ಬಗ್ಗೆ ಯೋಚಿಸಿದ್ದೀರಾ? ಬಹುತೇಕ ಮ್ಯಾನೇಜ್‌ಮೆಂಟ್ ಕೋರ್ಸುಗಳು ಅದನ್ನೂ ಒಪ್ಪುತ್ತವೆ.

ಗಡಿಯಾರ:

ಜಿಆರ್‌ಇ ಕೆಟ್ಟ ಆಯ್ಕೆಯಲ್ಲ, ಆದರೆ ಈ ಗಡುವಿಗೆ ಹೊಂದುವುದಿಲ್ಲ. ಕ್ವಾಂಟ್‌ನಲ್ಲಿ ಕ್ಯಾಲ್ಕುಲೇಟರ್ ಸಿಗುತ್ತದೆ, ಒಂದು ಭಾಗದೊಳಗೆ ಹಿಂದೆ ಮುಂದೆ ಓಡಾಡಬಹುದು, ಇವೆಲ್ಲ ಆಕರ್ಷಕವೇ. ಆದರೆ ವರ್ಬಲ್‌ನ ಅರ್ಧ ಭಾರ ಶಬ್ದಸಂಪತ್ತಿನ ಮೇಲೆ ನಿಂತಿದೆ, ಜೊತೆಗೆ ಅಲ್ಲಿ ರೇಖಾಗಣಿತವೂ ಇದೆ, ಪ್ರಬಂಧವೂ ಇದೆ. ಎರಡು ಯತ್ನಗಳ ನಡುವೆ 21 ದಿನ ಕಾಯಬೇಕು. ವರ್ಬಲ್ ಗಟ್ಟಿಯಿದ್ದು ಡೇಟಾ ಇನ್‌ಸೈಟ್ಸ್ ಮಾತ್ರ ಎಷ್ಟು ತಿಣುಕಿದರೂ ಹತ್ತದವರಿಗೆ, ಮೂರು ತಿಂಗಳು ಕೈಯಲ್ಲಿದ್ದರೆ, ನಾನೇ ಜಿಆರ್‌ಇ ಸೂಚಿಸುತ್ತಿದ್ದೆ.

ಏಳುವಾರ:

ಎಲ್ಲರಿಗೂ ಧನ್ಯವಾದ. ಹಳೆಪ್ರತಿ ಅವರೇ, ನಿಮ್ಮ ಊಹೆ ಸರಿ: ನನ್ನ ಕ್ವಾಂಟ್ ಪುಸ್ತಕ ಹಳೆಯದು. ಅದರಲ್ಲಿದ್ದ ರೇಖಾಗಣಿತಕ್ಕೆ ಮೂರು ವಾರ ಕೊಟ್ಟಿದ್ದೆ. ಡೇಟಾ ಇನ್‌ಸೈಟ್ಸ್‌ಗೆ ಒಟ್ಟು ಎಂಟು ದಿನ. ಬರೆಯಲು ಸಂಕೋಚವಾಗುತ್ತಿದೆ.

ಎರಡು ದಿನ ಹೊಸ ಪ್ರಶ್ನೆ ಮುಟ್ಟದೆ, ಹಿಂದೆ ಬರೆದ ಎರಡು ಅಣಕು ಪರೀಕ್ಷೆಗಳ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಟ್ಟು 51 ತಪ್ಪುಗಳು. ಅದರಲ್ಲಿ 22ರ ಎದುರು ‘ಅಜಾಗರೂಕತೆ’ ಎಂದೇ ಬರೆದಿದ್ದೇನೆ. ಹಾಗಾದರೆ ನನಗೆ ವಿಷಯ ಗೊತ್ತಿದೆ, ಎಚ್ಚರ ಸಾಲದು ಎಂದರ್ಥವೇ?

ಹಳೆಪ್ರತಿ:

‘ಅಜಾಗರೂಕತೆ’ ಎಂಬ ಪದವನ್ನು ಆ ನೋಟ್‌ಬುಕ್ಕಿನಿಂದ ಅಳಿಸಿಬಿಡಿ. ಅದು ಜ್ವರ ಬಂದವನಿಗೆ ‘ಮೈ ಸರಿಯಿಲ್ಲ’ ಎಂದು ಚೀಟಿ ಬರೆದುಕೊಟ್ಟಂತೆ, ಅದರಿಂದ ಮದ್ದು ಸಿಗುವುದಿಲ್ಲ. ಆ 22ರಲ್ಲಿ ಒಂದೊಂದನ್ನೂ ಮತ್ತೆ ತೆಗೆದು, ಕೈ ಎಲ್ಲಿ ತಪ್ಪಿತು ಎಂದು ಒಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ. ‘ಪ್ರಶ್ನೆ ಕೇಳಿದ್ದು ಉಳಿದ ಭಾಗವನ್ನು, ನಾನು ಗುರುತು ಹಾಕಿದ್ದು ಖರ್ಚಾದ ಭಾಗವನ್ನು.’ ‘ಋಣ ಚಿಹ್ನೆಯನ್ನು ಎರಡನೆಯ ಸಾಲಿಗೆ ಇಳಿಸುವಾಗ ಬಿಟ್ಟೆ.’ ಹೀಗೆ ಬರೆದಾಗ 22 ತಪ್ಪುಗಳು ಬಹುಶಃ ನಾಲ್ಕೈದು ಅಭ್ಯಾಸಗಳಾಗಿ ಕುಗ್ಗುತ್ತವೆ, ಅವುಗಳಿಗೆ ಉಪಾಯವಿದೆ. ಮೊದಲನೆಯದಕ್ಕೆ, ಲೆಕ್ಕ ಆರಂಭಿಸುವ ಮುನ್ನ ಏನು ಕೇಳಿದ್ದಾರೆ ಎಂಬುದನ್ನು ಪರೀಕ್ಷೆಯಲ್ಲಿ ಲೆಕ್ಕ ಬರೆಯುವ ಹಲಗೆಯ ಮೂಲೆಯಲ್ಲಿ ಎರಡು ಪದದಲ್ಲಿ ಬರೆದುಕೊಂಡರೆ ಸಾಕು.

ಡೇಟಾ ಸಫಿಷಿಯೆನ್ಸಿಯಲ್ಲಿ ಆಗುವ ಒಂದು ಸಾಮಾನ್ಯ ತಪ್ಪನ್ನು ತೋರಿಸುತ್ತೇನೆ. ಪ್ರಶ್ನೆ: ಒಂದು ಗಾಡಿಯಲ್ಲಿ 7 ಕಿಲೋ ತೂಕದ ಪೆಟ್ಟಿಗೆಗಳೂ 11 ಕಿಲೋ ತೂಕದ ಪೆಟ್ಟಿಗೆಗಳೂ ಮಾತ್ರ ಇವೆ, 11 ಕಿಲೋ ಪೆಟ್ಟಿಗೆಗಳು ಎಷ್ಟು? ಮೊದಲ ಹೇಳಿಕೆ: ಒಟ್ಟು ತೂಕ 58 ಕಿಲೋ. ಎರಡನೆಯ ಹೇಳಿಕೆ: ಒಟ್ಟು ಪೆಟ್ಟಿಗೆಗಳು ಆರು. ಶಾಲೆಯಲ್ಲಿ ಬೀಜಗಣಿತ ಚೆನ್ನಾಗಿ ಕಲಿತವರು ತಕ್ಷಣ ಹೇಳುತ್ತಾರೆ: ಅಜ್ಞಾತಗಳು ಎರಡು, ಸಮೀಕರಣಗಳೂ ಎರಡು ಬೇಕು, ಆದ್ದರಿಂದ ಎರಡೂ ಹೇಳಿಕೆಗಳು ಸೇರಿದರೆ ಮಾತ್ರ ಉತ್ತರ. ಅದು ತಪ್ಪು. ಪೆಟ್ಟಿಗೆಗಳು ಪೂರ್ಣ ಸಂಖ್ಯೆಯಲ್ಲೇ ಇರಬೇಕು. 58ರಿಂದ 11, 22, 33, 44, 55 ಕಳೆಯುತ್ತಾ ಹೋಗಿ: ಉಳಿಯುವುದು 47, 36, 25, 14, 3. ಇವುಗಳಲ್ಲಿ 7ರಿಂದ ಭಾಗವಾಗುವುದು 14 ಒಂದೇ; 58 ತಾನೇ 7ರಿಂದ ಭಾಗವಾಗುವುದಿಲ್ಲ. ಹಾಗಾಗಿ 11 ಕಿಲೋ ಪೆಟ್ಟಿಗೆಗಳು ನಾಲ್ಕೇ, ಮೊದಲ ಹೇಳಿಕೆಯೊಂದೇ ಸಾಕು. ಇದನ್ನು ತಪ್ಪು ಮಾಡಿದವರು ‘ಅಜಾಗರೂಕತೆ’ ಎಂದು ಬರೆದುಕೊಂಡರೆ ನಾಳೆಯೂ ತಪ್ಪು ಮಾಡುತ್ತಾರೆ. ‘ಎಣಿಸುವ ವಸ್ತು ಬಂದರೆ ಸಮೀಕರಣಗಳ ಸಂಖ್ಯೆ ನೋಡಿ ತೀರ್ಮಾನಿಸಬಾರದು, ಸಂಖ್ಯೆ ಹಾಕಿ ನೋಡಬೇಕು’ ಎಂದು ಬರೆದುಕೊಂಡವರು ಈ ಜಾತಿಯ ಪ್ರಶ್ನೆಗಳನ್ನೆಲ್ಲ ಗುರುತಿಸುತ್ತಾರೆ.

ನಾಲ್ಕು ವಾರದಲ್ಲಿ ಅಂಕ ಏರುವುದು ಹೀಗೆಯೇ. ಹೊಸದಾಗಿ ಕಲಿತದ್ದರಿಂದ ಬರುವುದು ಕಡಿಮೆ. ಗೊತ್ತಿದ್ದೂ ಕಳೆದುಕೊಳ್ಳುತ್ತಿದ್ದ ಅಂಕಗಳೇ ಹೆಚ್ಚಾಗಿ ಕೈಗೆ ಬರುತ್ತವೆ.

ಏಳುವಾರ:

ನಾನು ಪೆಟ್ಟಿಗೆಯ ಪ್ರಶ್ನೆಯಲ್ಲಿ ‘ಎರಡೂ ಸೇರಿ’ ಎಂದೇ ಉತ್ತರಿಸಿ, ಆಮೇಲೆ ಮುಂದಕ್ಕೆ ಓದಿದೆ.

ಸಮಯದ ಲೆಕ್ಕವನ್ನೂ ತೆಗೆದೆ. ಕ್ವಾಂಟ್‌ನಲ್ಲಿ ಮೂರು ಪ್ರಶ್ನೆಗಳಿಗೆ ತಲಾ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೊಟ್ಟಿದ್ದೇನೆ, ಆ ಮೂರೂ ತಪ್ಪಾಗಿವೆ. ಕೊನೆಯ ಆರು ಪ್ರಶ್ನೆಗಳಲ್ಲಿ ಐದು ತಪ್ಪು, ಅದರಲ್ಲಿ ಎರಡನ್ನು ಓದದೆಯೇ ಒತ್ತಿದ್ದೇನೆ.

ಗಡಿಯಾರ:

ನಿಮ್ಮ ಕ್ವಾಂಟ್ 77ಕ್ಕೆ ಕಾರಣ ಅಲ್ಲಿಯೇ ಇದೆ. ಪ್ರತಿ ವಿಭಾಗಕ್ಕೂ 45 ನಿಮಿಷ: ಕ್ವಾಂಟ್ 21 ಪ್ರಶ್ನೆ, ವರ್ಬಲ್ 23, ಡೇಟಾ ಇನ್‌ಸೈಟ್ಸ್ 20. ಕ್ವಾಂಟ್‌ನಲ್ಲಿ ತಲಾ ಎರಡು ನಿಮಿಷ ಎಂಟು ಸೆಕೆಂಡು ಸಿಗುತ್ತದೆ. ಪ್ರತಿ ಪ್ರಶ್ನೆಗೂ ಗಡಿಯಾರ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ಎರಡೇ ಗುರುತು ಇಟ್ಟುಕೊಳ್ಳಿ: ಏಳು ಪ್ರಶ್ನೆ ಮುಗಿದಾಗ 30 ನಿಮಿಷ ಉಳಿದಿರಬೇಕು, ಹದಿನಾಲ್ಕು ಮುಗಿದಾಗ 15 ನಿಮಿಷ ಉಳಿದಿರಬೇಕು. ಗುರುತಿನಲ್ಲಿ ಎರಡು ನಿಮಿಷ ಹಿಂದೆ ಬಿದ್ದಿದ್ದರೆ ಮುಂದಿನ ಏಳರಲ್ಲಿ ಕಠಿಣವಾಗಿ ಕಂಡ ಒಂದನ್ನು ಊಹಿಸಿ ದಾಟಬೇಕು.

ಹೀಗೆ ಬಿಟ್ಟುಕೊಡುವುದನ್ನೂ ಅಭ್ಯಾಸ ಮಾಡಬೇಕಾಗುತ್ತದೆ, ಓದುವವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಎರಡು ನಿಮಿಷವಾದರೂ ದಾರಿ ಕಾಣದಿದ್ದರೆ ಇನ್ನೆರಡು ನಿಮಿಷ ಕೊಟ್ಟರೂ ಹೆಚ್ಚಿನ ಸಲ ಕಾಣುವುದಿಲ್ಲ. ನಿಮ್ಮ ಮೂರು ಪ್ರಶ್ನೆಗಳೇ ಸಾಕ್ಷಿ. ಆ ಆರು ನಿಮಿಷ ಉಳಿದಿದ್ದರೆ ಕೊನೆಯ ಐದರಲ್ಲಿ ಎರಡೋ ಮೂರೋ ನಿಮ್ಮವಾಗುತ್ತಿದ್ದವು. ಉತ್ತರಿಸದೆ ಬಿಟ್ಟ ಪ್ರಶ್ನೆಗೆ ದಂಡವಿದೆ, ಆದ್ದರಿಂದ ಏನೇ ಆದರೂ ಕೊನೆಯದರವರೆಗೆ ತಲುಪಲೇಬೇಕು. ಅನುಮಾನವಿರುವ ಪ್ರಶ್ನೆಗೆ ಗುರುತು ಹಾಕಿಡಿ. ವಿಭಾಗದ ಎಲ್ಲ ಪ್ರಶ್ನೆಗಳೂ ಮುಗಿದು ಸಮಯ ಉಳಿದಿದ್ದರೆ ಮೂರು ಉತ್ತರಗಳನ್ನು ಬದಲಾಯಿಸಲು ಅವಕಾಶವಿದೆ.

ಮೊದಲಎಂಟು:

ಇದು ಸಂಪೂರ್ಣ ಸರಿಯಲ್ಲ. ಜಿಮ್ಯಾಟ್ ಹೊಂದಿಕೊಳ್ಳುವ ಪರೀಕ್ಷೆ. ನೀವು ಉತ್ತರಿಸಿದಂತೆ ಮುಂದಿನ ಪ್ರಶ್ನೆಯ ಕಾಠಿಣ್ಯ ಏರಿಳಿಯುತ್ತದೆ. ಆರಂಭದ ಎಂಟು ಪ್ರಶ್ನೆಗಳೇ ನೀವು ಯಾವ ಮಟ್ಟದವರೆಂದು ನಿರ್ಧರಿಸುತ್ತವೆ. ಅಲ್ಲಿ ಮೂರು ಮೂರು ನಿಮಿಷ ಕೊಟ್ಟು ಸರಿಯಾಗಿ ಮಾಡಿ, ಕೊನೆಯಲ್ಲಿ ಊಹಿಸುವುದೇ ಜಾಣತನ. ನಮ್ಮ ತರಬೇತಿಯಲ್ಲಿ ಹೀಗೆಯೇ ಹೇಳಿಕೊಟ್ಟಿದ್ದರು.

ಗಡಿಯಾರ:

ಈ ಮಾತು ಬಹಳ ಹಳೆಯದು, ಹೋಗುವ ಲಕ್ಷಣವೂ ಕಾಣುತ್ತಿಲ್ಲ. ಲೆಕ್ಕ ಹಾಕಿ ನೋಡೋಣ. ಎಂಟು ಪ್ರಶ್ನೆಗೆ ಮೂರು ನಿಮಿಷದಂತೆ 24 ನಿಮಿಷ; ಉಳಿದ 13ಕ್ಕೆ 21 ನಿಮಿಷ, ತಲಾ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಆರಂಭದಲ್ಲಿ ಚೆನ್ನಾಗಿ ಮಾಡಿದ್ದರೆ ಆ 13 ಪ್ರಶ್ನೆಗಳು ನಿಮ್ಮ ಮಟ್ಟಕ್ಕಿಂತ ಕಠಿಣವಾಗಿಯೇ ಇರುತ್ತವೆ. ಕಠಿಣ ಪ್ರಶ್ನೆಗಳನ್ನು ಕಡಿಮೆ ಸಮಯದಲ್ಲಿ ಎದುರಿಸಿ ಸಾಲಾಗಿ ತಪ್ಪು ಮಾಡಿದರೆ ಏರಿದ್ದಷ್ಟೂ ಇಳಿಯುತ್ತದೆ. ಮೊದಲ ಪ್ರಶ್ನೆಗಳನ್ನು ಹಗುರವಾಗಿ ಕಾಣಿರೆಂದು ನಾನು ಹೇಳುತ್ತಿಲ್ಲ. ಅವುಗಳಿಗಾಗಿ ಸಾಲ ಮಾಡಬೇಡಿ ಎನ್ನುತ್ತಿದ್ದೇನೆ.

ಒಳಗಿವಿ:

ವರ್ಬಲ್ ಬಗ್ಗೆ ಯಾರೂ ಮಾತಾಡಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಕಡಿಮೆ ಸಮಯವಿದ್ದಾಗ ರೀಡಿಂಗ್ ಕಾಂಪ್ರಿಹೆನ್ಷನ್‌ಗಿಂತ (ಗದ್ಯಭಾಗ ಓದಿ ಉತ್ತರಿಸುವುದು) ಕ್ರಿಟಿಕಲ್ ರೀಸನಿಂಗ್ (ಚಿಕ್ಕ ವಾದವೊಂದನ್ನು ಒರೆಗೆ ಹಚ್ಚುವುದು) ಬೇಗ ಫಲ ಕೊಡುತ್ತದೆ, ಏಕೆಂದರೆ ಅಲ್ಲಿ ಓದುವ ವೇಗಕ್ಕಿಂತ ಓದುವ ಕ್ರಮ ಮುಖ್ಯ. ಆಯ್ಕೆಗಳನ್ನು ನೋಡುವ ಮೊದಲು ವಾದದ ಬಿರುಕು ಎಲ್ಲಿದೆ ಎಂದು ನಾವೇ ಹೇಳಿಕೊಳ್ಳಬೇಕು.

ಒಂದು ಉದಾಹರಣೆ ಕಟ್ಟುತ್ತೇನೆ. ‘ಗ್ರಂಥಾಲಯವೊಂದು ತನ್ನ ಅವಧಿಯನ್ನು ದಿನಕ್ಕೆ ಎರಡು ಗಂಟೆ ಹೆಚ್ಚಿಸಿತು. ಒಂದು ವರ್ಷದ ಬಳಿಕವೂ ಎರವಲು ಹೋದ ಪುಸ್ತಕಗಳ ಸಂಖ್ಯೆ ಏರಲಿಲ್ಲ. ಆದ್ದರಿಂದ ಹೆಚ್ಚುವರಿ ಅವಧಿಯಿಂದ ಓದುಗರಿಗೆ ಪ್ರಯೋಜನವಾಗಿಲ್ಲ.’ ಈ ವಾದವನ್ನು ದುರ್ಬಲಗೊಳಿಸುವುದು ಯಾವುದು? ಸಾಕ್ಷ್ಯ ಇರುವುದು ಎರವಲಿನ ಬಗ್ಗೆ, ತೀರ್ಮಾನ ಇರುವುದು ಪ್ರಯೋಜನದ ಬಗ್ಗೆ; ಬಿರುಕು ಅಲ್ಲಿದೆ. ಇಷ್ಟು ಕಂಡ ಮೇಲೆ ‘ಸಂಜೆ ಬರುವವರಲ್ಲಿ ಹೆಚ್ಚಿನವರು ಅಲ್ಲಿಯೇ ಕುಳಿತು ಓದಿ ಹೋಗುತ್ತಾರೆ’ ಎಂಬ ಆಯ್ಕೆ ತಾನಾಗಿ ಎದ್ದು ಕಾಣುತ್ತದೆ. ಕಾಣದೆ ಆಯ್ಕೆಗಳಿಗೆ ಇಳಿದರೆ ‘ಅದೇ ವರ್ಷ ಗ್ರಂಥಾಲಯವು ಬಹಳಷ್ಟು ಹೊಸ ಪುಸ್ತಕಗಳನ್ನು ತರಿಸಿತು’ ಎಂಬುದೂ ಚೆಂದವಾಗಿ ಕಾಣುತ್ತದೆ, ಅಲ್ಲಿಯೇ ಒಂದು ನಿಮಿಷ ಹೋಗುತ್ತದೆ. ದಿನಕ್ಕೆ ಹತ್ತು ಪ್ರಶ್ನೆ ಸಾಕು. ಆದರೆ ಪ್ರತಿಯೊಂದರಲ್ಲೂ ತಪ್ಪಾದ ನಾಲ್ಕು ಆಯ್ಕೆಗಳು ಏಕೆ ತಪ್ಪು ಎಂದು ಬಾಯಿಬಿಟ್ಟು ಹೇಳಬೇಕು. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಶಂಕೆ:

ಅಣಕು ಪರೀಕ್ಷೆಗಳ ಬಗ್ಗೆ ಒಂದು ಮಾತು. ದಿನ ಬಿಟ್ಟು ದಿನ ಬರೆಯುವುದು ಬೇಡ. ಅಧಿಕೃತ ಅಣಕು ಪರೀಕ್ಷೆಗಳಲ್ಲಿ ಉಚಿತವಾಗಿ ಸಿಗುವುದು ಎರಡೇ, ಉಳಿದವುಗಳಿಗೆ ಹಣ ಕೊಡಬೇಕು. ಒಮ್ಮೆ ಬರೆದದ್ದನ್ನೇ ಮತ್ತೆ ಬರೆದರೆ ಹಳೆಯ ಪ್ರಶ್ನೆಗಳು ಮರಳಿ ಬಂದು ಅಂಕ ಸುಳ್ಳು ಹೇಳುತ್ತದೆ. ವಾರಕ್ಕೊಂದು ಬರೆದು, ಬರೆದಷ್ಟೇ ಹೊತ್ತನ್ನು ಅದರ ಪರಿಶೀಲನೆಗೆ ಕೊಡಿ. ಕಾಗದ ಪೆನ್ನು ಬಿಟ್ಟು, ಅಳಿಸಬಹುದಾದ ಹಲಗೆ ಮತ್ತು ಮಾರ್ಕರ್‌ನಲ್ಲೇ ಲೆಕ್ಕ ಮಾಡಿ. ದಪ್ಪ ಮೊನೆಯ ಮಾರ್ಕರ್‌ನಿಂದ ಸಾಲು ಇಳಿಸುವಾಗ ಚಿಹ್ನೆಗಳು ತಪ್ಪುವುದು ನನ್ನ ಅನುಭವ, ಹಳೆಪ್ರತಿ ಹೇಳಿದ ‘ಋಣ ಚಿಹ್ನೆ’ಯಂಥ ತಪ್ಪುಗಳಿಗೂ ಬಹುಶಃ ಅದೇ ಕಾರಣವಿರಬಹುದು. ವಿಭಾಗಗಳ ಕ್ರಮ ನಿಮ್ಮ ಆಯ್ಕೆ, ನಡುವೆ ಹತ್ತು ನಿಮಿಷದ ಒಂದು ವಿರಾಮವೂ ಇದೆ. ಡೇಟಾ ಇನ್‌ಸೈಟ್ಸ್ ಅನ್ನು ದಣಿದ ತಲೆಗೆ ಬಿಡಬೇಡಿ.

ಏಳುವಾರ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 20ನೇ ದಿನದ ಅಣಕು ಪರೀಕ್ಷೆಯಲ್ಲಿ 595 ಬಂತು; ಶಂಕೆ ಅವರ ಗೆರೆಯನ್ನು ಐದು ಅಂಕದಿಂದ ದಾಟಿದ್ದರಿಂದ ಮುಂದುವರಿದೆ. 28ನೇ ದಿನ, ಅಂದರೆ ನಿನ್ನೆ, ನಿಜವಾದ ಪರೀಕ್ಷೆ ಬರೆದೆ. 615. ಕ್ವಾಂಟ್ 80, ವರ್ಬಲ್ 83, ಡೇಟಾ ಇನ್‌ಸೈಟ್ಸ್ 78. ಡೇಟಾ ಇನ್‌ಸೈಟ್ಸ್ ಅನ್ನು ಮೊದಲಿಗೆ ಇಟ್ಟುಕೊಂಡಿದ್ದೆ. ಕ್ವಾಂಟ್‌ನಲ್ಲಿ ಎರಡು ಪ್ರಶ್ನೆಗಳನ್ನು ಎದೆ ಗಟ್ಟಿ ಮಾಡಿಕೊಂಡು ಬಿಟ್ಟೆ, ಕೊನೆಯ ಪ್ರಶ್ನೆಯನ್ನು ಓದಿ ಉತ್ತರಿಸಿದೆ. ಈಗ 44ನೇ ದಿನ ಮತ್ತೆ ಬರೆಯಬೇಕೇ, ಅಥವಾ ಇದನ್ನೇ ಕಳುಹಿಸಿ ಅರ್ಜಿಯ ಪ್ರಬಂಧಗಳಿಗೆ ಗಮನ ಕೊಡಬೇಕೇ?

ಹಳೆಪ್ರತಿ:

ಮೊತ್ತ 229ರಿಂದ 241ಕ್ಕೆ ಬಂದಿದೆ, ಇನ್ನು ಐದು ಮೆಟ್ಟಿಲು. ಬರೆಯಿರಿ, ಆದರೆ 16 ದಿನವನ್ನೂ ಇದಕ್ಕೆ ಕೊಡಬೇಡಿ. ವರ್ಬಲ್ ಅನ್ನು ದಿನಕ್ಕೆ ಅರ್ಧ ಗಂಟೆಯಲ್ಲಿ ಕಾಯ್ದುಕೊಳ್ಳಿ, ಕ್ವಾಂಟ್‌ಗೆ ತಪ್ಪುಗಳ ನೋಟ್‌ಬುಕ್ ಮಾತ್ರ ತೆರೆಯಿರಿ, ಉಳಿದದ್ದೆಲ್ಲ ಡೇಟಾ ಇನ್‌ಸೈಟ್ಸ್‌ಗೆ. ಅಲ್ಲಿ ಕ್ಯಾಲ್ಕುಲೇಟರ್ ಇರುವುದರಿಂದ ಕೋಷ್ಟಕ ಕಂಡ ಕೂಡಲೇ ಗುಣಿಸಲು ಹೊರಡುವುದು ಹಲವರ ಚಟ. ಹೆಚ್ಚಿನ ಪ್ರಶ್ನೆಗಳಿಗೆ ಅಂದಾಜು ಸಾಕು. ಒಂದು ಪ್ರಶ್ನೆಯೊಳಗೆ ಎರಡು ಮೂರು ಉತ್ತರಗಳಿದ್ದರೆ ಎಲ್ಲವೂ ಸರಿಯಾದರೆ ಮಾತ್ರ ಅಂಕ, ಆದ್ದರಿಂದ ಅಂಥದ್ದರಲ್ಲಿ ಒಂದು ಭಾಗ ಖಚಿತವಾಗಿ ಬಾರದಿದ್ದರೆ ಉಳಿದ ಭಾಗಗಳ ಮೇಲೆ ಸಮಯ ಸುರಿಯಬೇಡಿ. ಪ್ರಬಂಧಗಳ ಮೊದಲ ಕರಡನ್ನು 36ನೇ ದಿನದೊಳಗೆ ಮುಗಿಸಿಬಿಡಿ.

ಏಳುವಾರ:

635. ಕ್ವಾಂಟ್ 80, ವರ್ಬಲ್ 83, ಎರಡೂ ಕದಲಲಿಲ್ಲ. ಡೇಟಾ ಇನ್‌ಸೈಟ್ಸ್ 81. ಗುರಿಗೆ ಹತ್ತು ಅಂಕ ಕಡಿಮೆಯಾಯಿತು, ಆದರೂ ಅಧಿಕೃತ ಅಂಕಪಟ್ಟಿ ಕೈಸೇರಿದ ದಿನವೇ ನಾಲ್ಕು ಕಡೆಗೆ ಕಳುಹಿಸಿದೆ. ಐದನೆಯ ಕೋರ್ಸಿಗೆ ಮುಂದಿನ ಸುತ್ತಿನಲ್ಲಿ ಅರ್ಜಿ ಹಾಕುತ್ತೇನೆ. ಹಳೆಯ ಕ್ವಾಂಟ್ ಪುಸ್ತಕವನ್ನು ಯಾರಾದರೂ ಕೇಳಿದರೆ ಕೊಡುವ ಮೊದಲು ರೇಖಾಗಣಿತದ ಪುಟಗಳನ್ನು ಪಿನ್ ಹೊಡೆದು ಮುಚ್ಚಿಟ್ಟಿದ್ದೇನೆ.